ಮನಸ್ಸಿನ ಕಾಯಿಲೆ: ಬಾಗಿಲು ಮುಚ್ಚಬೇಡಿ, ಔಷಧಿ ಬಿಡಬೇಡಿ

ಮನೆಯಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ ಬಂದರೆ ನೆರೆಹೊರೆಯವರಿಗೆಲ್ಲ ಹೇಳುತ್ತೇವೆ. ಅದೇ ಮಗನೊಬ್ಬ ನಿದ್ದೆಗೆಟ್ಟು, ತನ್ನಷ್ಟಕ್ಕೆ ಮಾತಾಡುತ್ತ, ಕೆಲಸ ಬಿಟ್ಟು ಕುಳಿತರೆ ಬಾಗಿಲು ಹಾಕಿಕೊಳ್ಳುತ್ತೇವೆ. ತಂಗಿಯ ಮದುವೆಗೆ ಅಡ್ಡಿಯಾದೀತೆಂಬ ಭಯ. ಮೊದಲು ತಾಯಿತ, ಆಮೇಲೆ ದರ್ಗಾ, ಕೊನೆಗೆ ಆಸ್ಪತ್ರೆ. ಅಷ್ಟರಲ್ಲಿ ವರ್ಷಗಳೇ ಕಳೆದಿರುತ್ತವೆ.

ದುಆ ಬೇಡವೆಂದು ಯಾರೂ ಹೇಳುವುದಿಲ್ಲ. ದುಆ ಇದೆಯೆಂದು ಚಿಕಿತ್ಸೆ ಬಿಡುವುದು ತಪ್ಪು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿ ದರ್ಗಾದ ಊರಿನಲ್ಲಿ, ಖಾಸಗಿಯವರು ನಡೆಸುತ್ತಿದ್ದ ಮಾನಸಿಕ ರೋಗಿಗಳ ಆಶ್ರಯಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿಹಾಕಿದ್ದ ರೋಗಿಗಳು ಓಡಲಾಗಲಿಲ್ಲ; 28 ಮಂದಿ ಸತ್ತರು. ಅವರನ್ನು ಅಲ್ಲಿ ಬಿಟ್ಟುಬಂದವರೂ ನಮ್ಮಂತಹ ಕುಟುಂಬದವರೇ.

ಇಂದು ಕಾನೂನು ರೋಗಿಯ ಪರವಾಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಹಾಕುವುದನ್ನು ಪೂರ್ತಿ ನಿಷೇಧಿಸಿದೆ. ಸರ್ಕಾರಿ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು. ಬಡತನ ರೇಖೆಗಿಂತ ಕೆಳಗಿರುವವರಿಗೆ, ಬಿಪಿಎಲ್ ಕಾರ್ಡ್ ಇಲ್ಲದಿದ್ದರೂ, ಅದು ಉಚಿತ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ತೊಂದರೆ ಶೇ. 40 ಅಥವಾ ಹೆಚ್ಚೆಂದು ಪ್ರಮಾಣಪತ್ರ ಸಿಕ್ಕರೆ ಸರ್ಕಾರದ ಸೌಲಭ್ಯಗಳಿಗೆ ದಾರಿಯಾಗುತ್ತದೆ.

ಆದರೆ ಈ ಹಕ್ಕು ಮನೆಯ ತನಕ ತಾನಾಗಿ ಬರುವುದಿಲ್ಲ. ಕೂಲಿ ಬಿಟ್ಟು ಬಸ್ಸು ಹತ್ತಬೇಕು, ಚೀಟಿ ಮಾಡಿಸಬೇಕು, ಮಾತ್ರೆ ಮುಗಿಯುವ ಮೊದಲು ಮತ್ತೆ ಹೋಗಬೇಕು. ಸ್ವಲ್ಪ ಗುಣವಾದ ಕೂಡಲೇ ಮಾತ್ರೆ ನಿಲ್ಲಿಸುತ್ತಾರೆ, ಕಾಯಿಲೆ ಮರಳುತ್ತದೆ. ಇಲ್ಲಿ ಬೇಕಾದವರು ಸಮಾಜ ಕಾರ್ಯಕರ್ತರು. ನಮ್ಮದೇ ಜಿಲ್ಲೆಯ ತುರುವೇಕೆರೆ ತಾಲ್ಲೂಕಿನಲ್ಲಿ ನಿಮ್ಹಾನ್ಸ್ ಸಂಸ್ಥೆ ಇದನ್ನು ಮಾಡಿ ತೋರಿಸಿದೆ: ತೀವ್ರ ಮಾನಸಿಕ ಕಾಯಿಲೆ ಇರುವವರನ್ನು ಹಳ್ಳಿಗಳಲ್ಲೇ ಗುರುತಿಸಿ, ಹತ್ತಿರದಲ್ಲೇ ಚಿಕಿತ್ಸೆ ಕೊಡಿಸಿ, ತಪ್ಪಿಸಿಕೊಂಡವರನ್ನು ಮತ್ತೆ ವಿಚಾರಿಸುವ ಕೆಲಸ.

ಕೊರಟಗೆರೆಯ ಕುಟುಂಬಗಳು ಇಂದೇ ಮಾಡಬಹುದಾದದ್ದು: ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ಯಾವುದೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ.

ವಿದ್ಯಾರ್ಥಿಗಳಲ್ಲಿ ಒಂದು ಮಾತು. ವಿದ್ಯಾರ್ಥಿವೇತನವೆಂದರೆ ಇಂಜಿನಿಯರಿಂಗ್, ವೈದ್ಯಕೀಯಕ್ಕೆ ಮಾತ್ರವಲ್ಲ. ಎಂ.ಎಸ್.ಡಬ್ಲ್ಯು., ಮನಃಶಾಸ್ತ್ರ, ನರ್ಸಿಂಗ್ ಓದುವವರೂ ಅರ್ಜಿ ಹಾಕಿ. ತುಮಕೂರು ವಿಶ್ವವಿದ್ಯಾನಿಲಯದಲ್ಲೇ ಸಮಾಜಕಾರ್ಯ ವಿಭಾಗವಿದೆ. ಮನೆಯೊಳಗಿನ ನೋವನ್ನು ತಾಯಂದಿರು ಮನೆಮಾತಿನಲ್ಲೇ ಹೇಳಿಕೊಳ್ಳುತ್ತಾರೆ. ಅದನ್ನು ಉರ್ದುವಿನಲ್ಲಿ ಕೇಳಿ, ಕನ್ನಡದಲ್ಲಿ ಅರ್ಜಿ ಬರೆದುಕೊಡುವ ಹೆಣ್ಣುಮಕ್ಕಳು ನಮ್ಮ ಊರಿಗೆ ಬೇಕಾಗಿದ್ದಾರೆ. ಅರ್ಜಿ ನಮೂನೆ ಈ ವರದಿಯ ಕೊನೆಯ ಪುಟದಲ್ಲಿದೆ.