ಕುಕ್ಕರ್ ಸೀಟಿಯಿಲ್ಲದ ಎರಡು ಬೆಳಗು

ರಜಾ ಅಂದ ಕೂಡಲೇ ನಿಮಗೇನು ನೆನಪಾಗುತ್ತೆ? ನನಗಂತೂ ಪುಳಿಯೋಗರೆ ಗೊಜ್ಜು, ಚಕ್ಕುಲಿ ಡಬ್ಬ, ಒಗೆಯೋಕೆ ವಾಪಸ್ ಬರುವ ಬಟ್ಟೆಯ ರಾಶಿ. ಊರು ಯಾವುದಾದರೇನು, ಕೆಲಸ ನಮ್ಮ ಜೊತೆಗೇ ಬಸ್ ಹತ್ತುತ್ತದೆ. ಹಾಗಾಗಿ ಕಳೆದ ಮಾರ್ಚ್ ಕೊನೆಯಲ್ಲಿ ಮಗಳ ಪರೀಕ್ಷೆ ಮುಗಿದಾಗ ಹಟ ಹಿಡಿದೆ. ಈ ಸಲ ನೆಂಟರ ಮನೆ ಬೇಡ, ಸುಮ್ಮನೆ ಕೂರುವ ಜಾಗಕ್ಕೆ ಹೋಗೋಣ ಅಂತ.

ಆರಿಸಿದ್ದು ಮೂಡಿಗೆರೆ ಕಡೆಯ ಒಂದು ಕಾಫಿ ತೋಟ. ಬೆಂಗಳೂರಿನಿಂದ ಹಾಸನ, ಬೇಲೂರು ಮೇಲೆ ಸುಮಾರು 250 ಕಿ.ಮೀ. ಉಳಿಯೋದು ಟೆಂಟಿನಲ್ಲಿ. "ಬಟ್ಟೆ ಮನೇಲಿ ಮಲಗೋಕೆ ದುಡ್ಡು ಕೊಡ್ಬೇಕಾ?" ಅಂದರು ನಮ್ಮೆಜಮಾನ್ರು. ಅತ್ತೆಯವರದ್ದು ಒಂದೇ ಪ್ರಶ್ನೆ, "ಬಚ್ಚಲು ಎಲ್ಲಿರುತ್ತೆ?"

ನಿಜ ಹೇಳಬೇಕೆಂದರೆ ಅತ್ತೆಯವರ ಜೊತೆ ಹೋಗೋಕೇ ನನಗೆ ಅಳುಕಿತ್ತು. ಜಗಳವೇನಿಲ್ಲ. ಆದರೆ 14 ವರ್ಷದಲ್ಲಿ ನಾವಿಬ್ಬರೂ ಆಡಿದ್ದೆಲ್ಲ ಅಡುಗೆಮನೆ ಮಾತೇ. ಉಪ್ಪು ಸಾಲದು, ಹಾಲು ಉಕ್ಕಿತು, ನಾಳೆ ತಿಂಡಿಗೇನು? ಅಡುಗೆಮನೆಯೇ ಇಲ್ಲದ ಕಡೆ ಏನು ಮಾತಾಡೋದು?

ಮೊದಲ ದಿನ ಅಭ್ಯಾಸಬಲದಿಂದ ಐದು ಗಂಟೆಗೇ ಎಚ್ಚರವಾಯಿತು. ಮಾಡಲು ಕೆಲಸವಿಲ್ಲ! ಜಿಪ್ ಎಳೆದು ಹೊರಗೆ ಬಂದರೆ ಅತ್ತೆ ಆಗಲೇ ಶಾಲು ಹೊದ್ದು ಕುರ್ಚಿಯಲ್ಲಿ ಕೂತಿದ್ದರು. ಅವರಿಗೂ ಅದೇ ಅಭ್ಯಾಸ ತಾನೇ. ಹೂಮಳೆ ಬಿದ್ದು ಕಾಫಿ ಗಿಡಗಳೆಲ್ಲ ಬೆಳ್ಳಗೆ ಅರಳಿದ್ದವು. ಮಲ್ಲಿಗೆಯಂಥ ಘಮ.

ಬೆಳಕು ಹರಿಯುತ್ತಿದ್ದಂತೆ "ಕುಟ್ರೂ ಕುಟ್ರೂ" ಶುರುವಾಯಿತು. "ಕುಟ್ರು ಹಕ್ಕಿ ಕಣೆ. ನಮ್ಮೂರಲ್ಲಿ ಇದು ಕೂಗಿದ್ರೆ ನಮ್ಮಮ್ಮ ನಮ್ಮನ್ನ ಎಬ್ಬಿಸ್ತಿದ್ಲು" ಅಂದರು ಅತ್ತೆ. ಅವರು ಮಲೆನಾಡಿನಲ್ಲಿ ಹುಟ್ಟಿದವರು ಅಂತ ಗೊತ್ತಿತ್ತು. ಆದರೆ ಅಲ್ಲಿನ ವಿಷಯ ನಾನು ಕೇಳಿಯೇ ಇರಲಿಲ್ಲ. ಆಮೇಲೆ ಕಾಜಾಣ ಬಂತು. ಬಾಲದ ತುದಿಯಲ್ಲಿ ಎರಡು ಉದ್ದದ ಗರಿ. ಬೇರೆ ಹಕ್ಕಿಗಳ ದನಿಯನ್ನು ಥೇಟ್ ಅಣಕಿಸುತ್ತದೆ. ಪಿಕಳಾರ, ಮರಕುಟಿಗ, ಸೂರಕ್ಕಿ... ಅತ್ತೆ ಹೆಸರು ಹೇಳುತ್ತಾ ಹೋದರು, ಮಗಳು ಎದ್ದು ಬಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಕಾಫಿ ತೋಟದಲ್ಲಿ ಇಷ್ಟೊಂದು ಹಕ್ಕಿ ಯಾಕೆ ಗೊತ್ತಾ? ನಮ್ಮಲ್ಲಿ ಕಾಫಿ ಬೆಳೆಯೋದು ಮರದ ನೆರಳಿನಲ್ಲಿ. ಅತ್ತಿ, ಬಸರಿ, ಹಲಸಿನಂಥ ಮರಗಳನ್ನು ಉಳಿಸಿಕೊಂಡ ತೋಟ ಹಕ್ಕಿಗಳಿಗೆ ಊಟದ ಮನೆ ಇದ್ದಂತೆ. ತೋಟದ ಹುಡುಗ, ಕೊಕ್ಕಿನಲ್ಲಿ ಹಣ್ಣು ಹಿಡಿದು ಹಾರುತ್ತಿದ್ದ ಮಂಗಟ್ಟೆಯನ್ನು ತೋರಿಸಿದ. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಮರದ ಪೊಟರೆಯೊಳಗೆ ಸೇರಿ, ಸಣ್ಣ ಸೀಳು ಬಿಟ್ಟು ಬಾಗಿಲು ಮುಚ್ಚಿಕೊಳ್ಳುತ್ತಂತೆ. ವಾರಗಟ್ಟಲೆ ಗಂಡೇ ತಂದು ಉಣಿಸಬೇಕು. "ಬಾಣಂತನ ಅಂದ್ರೆ ಅದು" ಅಂತ ಅತ್ತೆ ನಕ್ಕರು. ನಮ್ಮೆಜಮಾನ್ರು ಸುಮ್ಮನೆ ಎದ್ದು ಹೋಗಿ ಎಲ್ಲರಿಗೂ ಕಾಫಿ ತಂದರು!

ನೀವೂ ಹೊರಡುವುದಾದರೆ:

* ಟೆಂಟಿಗೆ ಹೊಂದಿಕೊಂಡೇ ಬಚ್ಚಲು, ಬಿಸಿನೀರು, ರಾತ್ರಿ ದೀಪ ಇದೆಯೇ ಎಂದು ಫೋನಿನಲ್ಲೇ ಕೇಳಿ. ವಯಸ್ಸಾದವರಿದ್ದರೆ ಮೆಟ್ಟಿಲೆಷ್ಟು, ಮಂಚ ಇದೆಯೇ ಎಂದೂ ವಿಚಾರಿಸಿ.

* ಹಕ್ಕಿ ನೋಡಲು ಬೆಳಿಗ್ಗೆ 6ರಿಂದ 9, ಸಂಜೆ 4ರಿಂದ 6 ಒಳ್ಳೆಯ ಹೊತ್ತು. ಹಸಿರು, ಕಂದು ಬಣ್ಣದ ಬಟ್ಟೆ ಇರಲಿ, ಕೆಂಪು, ಬಿಳಿ ಬೇಡ.

* ಬೈನಾಕ್ಯುಲರ್ ಕೊಳ್ಳುವುದಾದರೆ 8×42 ಅಳತೆಯದ್ದು ಸಾಕು. ಎರವಲು ಸಿಕ್ಕರೆ ಇನ್ನೂ ಒಳ್ಳೆಯದು.

* ಮೂಡಿಗೆರೆಯ ತೋಟದಲ್ಲೇ ಬಾಳಿ 2007ರಲ್ಲಿ ತೀರಿಕೊಂಡ ಪೂರ್ಣಚಂದ್ರ ತೇಜಸ್ವಿಯವರ 'ಕನ್ನಡ ನಾಡಿನ ಹಕ್ಕಿಗಳು' ಪುಸ್ತಕ ಮಕ್ಕಳ ಕೈಗೆ ಕೊಡಿ.

* ಮೊಬೈಲಿನಲ್ಲಿ ಹಕ್ಕಿ ಕೂಗು ಹಾಕಿ ಕರೆಯಬೇಡಿ, ಗೂಡಿನ ಹತ್ತಿರ ಹೋಗಬೇಡಿ. ಮರಿಗಳಿಗೆ ತೊಂದರೆ.

* ಮೂಡಿಗೆರೆ, ಸಕಲೇಶಪುರದ ತೋಟಗಳಿಗೆ ಕಾಡಾನೆ ಬರುವುದುಂಟು. ಕತ್ತಲಾದ ಮೇಲೆ ಒಬ್ಬೊಬ್ಬರೇ ತೋಟದೊಳಗೆ ಸುತ್ತಬೇಡಿ.

* ಮಳೆಗಾಲದಲ್ಲಿ ಉಂಬಳದ ಕಾಟ. ಉದ್ದದ ಕಾಲುಚೀಲ ಹಾಕಿ. ಕಚ್ಚಿದರೆ ಗಾಬರಿಯಾಗದೆ ಉಗುರಿನಿಂದ ಮೆಲ್ಲಗೆ ಸರಿಸಿ, ಸೋಪಿನಲ್ಲಿ ತೊಳೆಯಿರಿ. ರಕ್ತ ನಿಲ್ಲಲು ಸ್ವಲ್ಪ ಹೊತ್ತು ಬೇಕು, ಅಷ್ಟೇ.

ಎರಡು ರಾತ್ರಿ ಮುಗಿಸಿ ಮನೆಗೆ ಬಂದೆವು. ಮರುದಿನ ಬೆಳಿಗ್ಗೆ ಮತ್ತದೇ ಒಗ್ಗರಣೆ, ಅದೇ ಡಬ್ಬಿ. ಕುಕ್ಕರ್ ಇನ್ನೂ ಕೂಗಿರಲಿಲ್ಲ. ಎದುರಿನ ರಸ್ತೆಯ ಮರದಿಂದ "ಕುಟ್ರೂ ಕುಟ್ರೂ"! ಇಷ್ಟು ವರ್ಷ ಇಲ್ಲೇ ಕೂಗುತ್ತಿತ್ತೇನೋ, ನನಗೇ ಕೇಳಿಸಿರಲಿಲ್ಲ. ಸ್ಟೌ ಸಣ್ಣಗೆ ಮಾಡಿ ಬಾಲ್ಕನಿಗೆ ಬಂದರೆ ಅತ್ತೆ ಅಲ್ಲಿದ್ದರು.

"ಕೇಳಿಸ್ತಾ?" ಅಂದರು.

ಈಗ ದಿನಾ ಹತ್ತು ನಿಮಿಷ ನಾವಿಬ್ಬರೂ ಅಲ್ಲೇ ಕೂರುತ್ತೇವೆ. ತಿಂಡಿಗೇನು ಅನ್ನೋ ಮಾತು ಆಮೇಲೆ.