ತಾಯಿಫ್ ದ್ರಾಕ್ಷಿಗೆ ಹೆಸರಿದೆ, ವಿಜಯಪುರದ್ದಕ್ಕೆ?

ಜುಲೈ ಕೊನೆಗೆ ಜೆದ್ದಾದ ಬಿಸಿಲು ನೆತ್ತಿ ಸುಡುವಾಗ ಹಣ್ಣಿನ ಅಂಗಡಿಗಳಿಗೆ ದ್ರಾಕ್ಷಿ ಪೆಟ್ಟಿಗೆಗಳು ಬರುತ್ತವೆ. ವ್ಯಾಪಾರಿ ಬೆಲೆಗಿಂತ ಮೊದಲು ಊರಿನ ಹೆಸರು ಹೇಳುತ್ತಾನೆ: ‘ತಾಯಿಫಿ’. ಅಂದರೆ ತಾಯಿಫ್‌ನದು. ಆ ಒಂದು ಮಾತಿಗೆ ಗಿರಾಕಿಯ ಅರ್ಧ ಚೌಕಾಸಿ ನಿಂತುಹೋಗುತ್ತದೆ.

ಸೌದಿ ಎಂದರೆ ಮರಳು, ಖರ್ಜೂರ, ತೈಲ ಎಂದುಕೊಂಡವರಿಗೆ ತಾಯಿಫ್ ಬೇರೆಯದೇ ನಾಡು. ಜೆದ್ದಾದಿಂದ ಸುಮಾರು 170 ಕಿ.ಮೀ. ದೂರ. ಹದಾ ಘಾಟಿಯ ತಿರುವುಗಳನ್ನು ಹತ್ತುವಾಗ ರಸ್ತೆ ಬದಿಯಲ್ಲಿ ಬಬೂನ್ ಮಂಗಗಳ ಹಿಂಡು ಕೂತಿರುತ್ತದೆ. ಮೇಲೆ ತಲುಪಿದರೆ ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರ. ನಮ್ಮ ಮುಳ್ಳಯ್ಯನಗಿರಿಗಿಂತ ತುಸು ತಗ್ಗು, ನಂದಿಬೆಟ್ಟಕ್ಕಿಂತ ಎತ್ತರ. ಬೇಸಿಗೆಯಲ್ಲಿ ಸರ್ಕಾರವೇ ಇಲ್ಲಿಗೆ ಬಂದು ಆಡಳಿತ ನಡೆಸುವ ವಾಡಿಕೆ ಇತ್ತು. ಗುಲಾಬಿ, ದಾಳಿಂಬೆ, ಅಂಜೂರ, ದ್ರಾಕ್ಷಿ ಈ ತಂಪಿನ ಕೊಡುಗೆ.

ಹದಿನಾಲ್ಕು ಶತಮಾನಗಳ ತೋಟ

ತಾಯಿಫ್‌ನ ದ್ರಾಕ್ಷಿ ಇಸ್ಲಾಮಿಗಿಂತ ಹಳೆಯದು. ಆ ಕಾಲದಲ್ಲಿ ಇಲ್ಲಿ ವೈನ್ ಕೂಡ ತಯಾರಾಗುತ್ತಿತ್ತು. ಕ್ರಿ.ಶ. 619ರ ಸುಮಾರಿಗೆ ಪ್ರವಾದಿ ಮುಹಮ್ಮದರು ಇಲ್ಲಿಗೆ ಬಂದಾಗ ಊರಿನವರು ಕಲ್ಲೆಸೆದು ಓಡಿಸಿದರು. ಅವರು ಆಸರೆ ಪಡೆದದ್ದು ಒಂದು ದ್ರಾಕ್ಷಿ ತೋಟದಲ್ಲಿ. ಅಲ್ಲಿದ್ದ ಅದ್ದಾಸ್ ಎಂಬ ಕ್ರೈಸ್ತ ಸೇವಕ ಒಂದು ಗೊಂಚಲು ತಂದುಕೊಟ್ಟ. ಅವನ ಹೆಸರಿನ ಮಸೀದಿ ಇಂದಿಗೂ ತಾಯಿಫ್‌ನಲ್ಲಿದೆ. ಪ್ರವಾದಿಯವರ ಚಿಕ್ಕಪ್ಪ ಅಬ್ಬಾಸ್ ತಮ್ಮ ತಾಯಿಫ್ ತೋಟದ ಒಣದ್ರಾಕ್ಷಿಯನ್ನು ಮಕ್ಕಾಗೆ ತರಿಸಿ, ನೀರಿನಲ್ಲಿ ನೆನೆಸಿ, ಯಾತ್ರಿಕರಿಗೆ ಕುಡಿಸುತ್ತಿದ್ದರೆಂದು ಅರಬ್ ಇತಿಹಾಸಕಾರರು ಬರೆದಿದ್ದಾರೆ. 1814ರಲ್ಲಿ ಇಲ್ಲಿಗೆ ಬಂದ ಸ್ವಿಸ್ ಪ್ರವಾಸಿ ಬರ್ಕ್‌ಹಾರ್ಟ್ ಸಹ ಇಲ್ಲಿಯ ದೊಡ್ಡ, ರುಚಿಯಾದ ದ್ರಾಕ್ಷಿಯನ್ನು ಹೊಗಳಿದ್ದಾನೆ.

ಮದ್ಯ ನಿಷಿದ್ಧವಾದ ಮೇಲೆ ಉಳಿದದ್ದು ಹಸಿ ಹಣ್ಣು ಮತ್ತು ಒಣದ್ರಾಕ್ಷಿ. ಆದರೂ ಊರಿನ ಹೆಸರು ಮಾಸಲಿಲ್ಲ.

ಬಳ್ಳಿಯಲ್ಲೇ ಲೆಕ್ಕ

ಲೆಕ್ಕಪರಿಶೋಧಕನಾದ ನನಗೆ ಹೆಚ್ಚು ಹಿಡಿಸಿದ್ದು ಇಲ್ಲಿಯ ಹಳೆಯ ‘ಖರ್ಸ್’ ಪದ್ಧತಿ. ದ್ರಾಕ್ಷಿ ಇನ್ನೂ ಬಳ್ಳಿಯಲ್ಲಿರುವಾಗಲೇ ಅನುಭವಿಯೊಬ್ಬ ತೋಟದಲ್ಲಿ ನಡೆದು, ಇದು ಒಣಗಿದರೆ ಎಷ್ಟು ಒಣದ್ರಾಕ್ಷಿ ಆದೀತು ಎಂದು ಅಂದಾಜು ಕಟ್ಟುತ್ತಾನೆ. ಜಕಾತ್ ಆ ಅಂದಾಜಿನ ಮೇಲೆ. ಮಳೆ ನೀರಿನಲ್ಲಿ ಬೆಳೆದರೆ ಹತ್ತರಲ್ಲೊಂದು ಪಾಲು, ರೈತ ಶ್ರಮಪಟ್ಟು ನೀರು ಎತ್ತಿ ಹಾಯಿಸಿದರೆ ಇಪ್ಪತ್ತರಲ್ಲೊಂದು. ಖರ್ಚು ಹೆಚ್ಚಾದವನಿಗೆ ತೆರಿಗೆ ಕಡಿಮೆ ಎಂಬ ನ್ಯಾಯ ಅಂದೇ ಇತ್ತು.

ನಮ್ಮ ಇಂದಿನ ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡ 41 ಹೇಳುವುದೂ ಹತ್ತಿರದ ಮಾತೇ. ಬಳ್ಳಿಯ ಮೇಲಿನ ಕಾಯಿಗೆ ಕೊಯ್ಲಿಗೆ ಮುಂಚೆಯೇ ನ್ಯಾಯಬೆಲೆ ಕಟ್ಟಬೇಕು. ಬಳ್ಳಿಯನ್ನು ಮಾತ್ರ 2016ರಿಂದ ಯಂತ್ರೋಪಕರಣದ ಹಾಗೆ ಸ್ಥಿರಾಸ್ತಿಯಾಗಿ ತೋರಿಸುತ್ತೇವೆ. ಕೊಯ್ದು ವೈನ್ ಮಾಡಿದರೆ ಅದು ದಾಸ್ತಾನು.

ಬೋರ್ಡೋ ಕಲಿಸುವ ಪಾಠ

ಫ್ರಾನ್ಸಿನ ಬೋರ್ಡೋದಲ್ಲಿ ಊರಿನ ಹೆಸರೇ ಬಂಡವಾಳ. 1855ರಲ್ಲಿ ಪ್ಯಾರಿಸ್ ವಸ್ತುಪ್ರದರ್ಶನಕ್ಕಾಗಿ ಮೂರನೇ ನೆಪೋಲಿಯನ್ ವೈನ್‌ಗಳ ಶ್ರೇಣಿ ಕೇಳಿದಾಗ ಅಲ್ಲಿನ ದಲ್ಲಾಳಿಗಳು ಹೊಸದಾಗಿ ರುಚಿ ನೋಡುತ್ತ ಕೂರಲಿಲ್ಲ. ಯಾವ ತೋಟದ ವೈನ್ ಎಷ್ಟು ಬೆಲೆಗೆ ಮಾರಾಟವಾಗುತ್ತ ಬಂದಿದೆ ಎಂಬುದನ್ನೇ ಆಧಾರವಾಗಿಟ್ಟು ಐದು ದರ್ಜೆ ಮಾಡಿದರು. ಕೆಂಪು ವೈನಿನ ಮೊದಲ ದರ್ಜೆಗೆ 1973ರಲ್ಲಿ ಒಂದು ತೋಟ ಮೇಲೇರಿದ್ದನ್ನು ಬಿಟ್ಟರೆ ಆ ಪಟ್ಟಿ ಬಹುಪಾಲು ಹಾಗೇ ಇದೆ. ನದಿಯ ಎಡದಂಡೆಯ ಜಲ್ಲಿ ನೆಲಕ್ಕೆ ಕ್ಯಾಬರ್ನೆ ಸೊವಿನ್ಯೋನ್, ಬಲದಂಡೆಯ ಜೇಡಿ ನೆಲಕ್ಕೆ ಮೆರ್ಲೋ, ಹೀಗೆ ಮಣ್ಣು ನೋಡಿ ತಳಿ. 225 ಲೀಟರಿನ ಓಕ್ ಪೀಪಾಯಿಯಲ್ಲಿ ವೈನ್ ಮಾಗುತ್ತಿರುವಾಗಲೇ ವರ್ತಕರು ಮುಂಗಡ ಹಣ ಕೊಟ್ಟು ಕೊಳ್ಳುತ್ತಾರೆ. ಮಾಲು ಕೈಸೇರುವ ಮೊದಲೇ ತೋಟದವನಿಗೆ ದುಡ್ಡು.

ಅತ್ತ ವೈನ್, ಇತ್ತ ಮದ್ಯ ನಿಷೇಧ. ಆದರೂ ಎರಡೂ ಕಡೆ ಊರಿನ ಹೆಸರು ರೈತನ ಜೊತೆಯಲ್ಲೇ ಇದೆ.

ನಮ್ಮ ಊರಿನ ಲೆಕ್ಕ

ನನ್ನ ಅಣ್ಣ ವಿಜಯಪುರ ಜಿಲ್ಲೆಯಲ್ಲಿ ದ್ರಾಕ್ಷಿ ಬೆಳೆಗಾರ. ಏಪ್ರಿಲ್‌ನಲ್ಲಿ ಒಮ್ಮೆ, ಅಕ್ಟೋಬರಿನಲ್ಲಿ ಒಮ್ಮೆ ಚಾಟ್ನಿ, ಫೆಬ್ರುವರಿಯಿಂದ ಕೊಯ್ಲು. ಗೊಂಚಲುಗಳನ್ನು ದ್ರಾವಣದಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ಹದಿನೈದು ದಿನ ನೆರಳಲ್ಲಿ ಒಣಗಿಸುತ್ತಾರೆ. ನಾಲ್ಕು ಕಿಲೋ ಹಸಿ ದ್ರಾಕ್ಷಿಗೆ ಒಂದು ಕಿಲೋ ಒಣದ್ರಾಕ್ಷಿ. ಆ ಹದಿನೈದು ದಿನದಲ್ಲಿ ಅಕಾಲಿಕ ಮಳೆ ಬಂದರೆ ಹಸಿರು ಬಣ್ಣ ಕೆಡುತ್ತದೆ, ಬೆಲೆ ಬೀಳುತ್ತದೆ. ಮಾರ್ಚ್‌ನಲ್ಲಿ ಫೋನ್ ಮಾಡಿದರೆ ಅವನು ಮೊದಲು ಹೇಳುವುದು ಮೋಡದ ಸುದ್ದಿ.

2020ರ ಲಾಕ್‌ಡೌನಿನಲ್ಲಿ ಹಸಿ ಹಣ್ಣಿಗೆ ಗಿರಾಕಿ ಇಲ್ಲದೆ ಅನೇಕ ರೈತರು ಇದ್ದದ್ದನ್ನೆಲ್ಲ ಒಣಗಿಸಿದರು. ಒಣಗಿಸಿದ ಮಾಲನ್ನು ಶೈತ್ಯಾಗಾರದಲ್ಲಿಟ್ಟು ದರ ಏರುವವರೆಗೆ ಕಾಯಬಹುದು. ಆದರೆ ಔಷಧಿ ಅಂಗಡಿಯ ಉದ್ರಿ, ಸೊಸೈಟಿಯ ಸಾಲ ಕಾಯುವುದಿಲ್ಲ. ಕಾಯಲು ಶಕ್ತಿ ಇದ್ದವನೇ ಲಾಭ ಎಣಿಸುತ್ತಾನೆ.

ಇನ್ನೊಂದು ನಷ್ಟ ಯಾವ ಖಾತೆಯಲ್ಲೂ ಕಾಣುವುದಿಲ್ಲ. ನಮ್ಮ ಕಡೆಯ ಬಹಳಷ್ಟು ಮಾಲು ತಾಸಗಾಂವ್, ಸಾಂಗ್ಲಿ ಹರಾಜಿಗೆ ಹೋಗುತ್ತದೆ. ಸಾಂಗ್ಲಿ ಒಣದ್ರಾಕ್ಷಿಗೆ 2016ರಲ್ಲೇ ಭೌಗೋಳಿಕ ಸೂಚಕ ಮಾನ್ಯತೆ ಬಂತು. ನಮ್ಮಲ್ಲೂ ಬೆಂಗಳೂರು ನೀಲಿ ದ್ರಾಕ್ಷಿಗೆ 2013ರಲ್ಲಿ, ನಮ್ಮದೇ ಜಿಲ್ಲೆಯ ಇಂಡಿ ಲಿಂಬೆಗೆ 2023ರಲ್ಲಿ ಅದು ಸಿಕ್ಕಿದೆ. ಜೆದ್ದಾದ ಅಂಗಡಿಗಳಲ್ಲಿ ನಾನು ತಿರುವಿ ನೋಡಿದ ಭಾರತದ ಒಣದ್ರಾಕ್ಷಿ ಪೊಟ್ಟಣಗಳಲ್ಲಿ ಒಂದರ ಮೇಲೂ ವಿಜಯಪುರದ ಹೆಸರಿರಲಿಲ್ಲ.

ರಂಜಾನ್ ತಿಂಗಳಲ್ಲಿ ಈ ದೇಶದಲ್ಲಿ ಒಣಹಣ್ಣಿಗೆ ಇರುವ ಬೇಡಿಕೆ ಇಲ್ಲಿರುವ ಕನ್ನಡಿಗರಿಗೆಲ್ಲ ಗೊತ್ತು. ನಮ್ಮವರಲ್ಲಿ ಅಂಗಡಿ ನಡೆಸುವವರಿದ್ದಾರೆ, ಸೂಪರ್ ಮಾರ್ಕೆಟ್‌ಗಳ ಖರೀದಿ ವಿಭಾಗದಲ್ಲಿ ದುಡಿಯುವವರಿದ್ದಾರೆ. ಊರಿನ ರೈತ ಸಂಘವೊಂದು ಬಣ್ಣ, ಗಾತ್ರ ನೋಡಿ ವಿಂಗಡಿಸಿ, ಪೊಟ್ಟಣದ ಮೇಲೆ ಅರಬ್ಬಿಯಲ್ಲಿ ‘ವಿಜಯಪುರ’ ಎಂದು ಅಚ್ಚು ಹಾಕಿಸಿ ಕಳುಹಿಸಿದರೆ, ಅದನ್ನು ಇಲ್ಲಿಯ ಕಪಾಟಿಗೆ ಏರಿಸುವ ಕೈಗಳು ನಮ್ಮಲ್ಲೇ ಇವೆ. ಮೊದಲ ವರ್ಷ ಲಾಭ ದೊಡ್ಡದಿರಲಿಕ್ಕಿಲ್ಲ. ಆದರೆ ಹರಾಜಿನ ಕಟ್ಟೆಯ ಮೇಲೆ ದರ ಕೂಗುವವನ ಬಾಯಿ ನೋಡುತ್ತ ನಿಲ್ಲುವ ರೈತನಿಗೆ, ಮಾರಲು ಇನ್ನೊಂದು ಬಾಗಿಲು ಇದೆ ಎಂಬ ಧೈರ್ಯ ಬರುತ್ತದೆ.