ಹೂಬಿಟ್ಟ ಅಗಿ ಒಳ್ಳೆಯದೇ?

ಪ್ರಶ್ನೆ: ಬಸವಕಲ್ಯಾಣದ ನಮ್ಮ ಹಿತ್ತಲಿಗೆ ಟೊಮೆಟೊ, ಬದನೆ, ಮೆಣಸಿನ ಅಗಿ ತರಬೇಕು. ಎತ್ತರಕ್ಕೆ ಬೆಳೆದು ಹೂಬಿಟ್ಟದ್ದನ್ನೇ ಆರಿಸಬೇಕೆ? ಎಲ್ಲಿ ನೆಡಬೇಕು?

ಉತ್ತರ: ಬೇಡ. ಹೂಬಿಟ್ಟ ಅಗಿಗೆ ವಯಸ್ಸಾಗಿರುತ್ತದೆ. ಟ್ರೇಯ ಸಣ್ಣ ಗುಳಿಯಲ್ಲಿ ಬೇರು ಸುತ್ತಿಕೊಂಡು ಕಂದಿರುತ್ತದೆ. ನೆಲಕ್ಕಿಟ್ಟ ಮೇಲೆ ಚೇತರಿಸಿಕೊಳ್ಳುವುದು ನಿಧಾನ. ಟೊಮೆಟೊ ಅಗಿಗೆ 25–30 ದಿನ, ಮೆಣಸಿಗೆ 35–40 ದಿನ ಸಾಕು. ಗಿಡ್ಡಗೆ, ಕಾಂಡ ದಪ್ಪಗೆ, ಬೇರು ಬೆಳ್ಳಗಿರಲಿ. ಎಲೆಯ ಅಡಿಭಾಗವನ್ನು ತಿರುಗಿಸಿ ನೋಡಲೇಬೇಕು. ಅಲ್ಲಿ ಬಿಳಿನೊಣ ಕಂಡರೆ ಆ ಟ್ರೇಯನ್ನೇ ಬಿಡಬೇಕು, ಏಕೆಂದರೆ ಟೊಮೆಟೊ ಎಲೆಮುದುಡು ರೋಗದ ವೈರಸ್ಸನ್ನು ಹರಡುವುದು ಅದೇ. ರೋಗ ಹತ್ತಿದ ಗಿಡಕ್ಕೆ ಔಷಧಿಯಿಲ್ಲ. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ತಳಿ ಈ ರೋಗವನ್ನು ತಡೆದುಕೊಳ್ಳುತ್ತದೆ. ಸಿಕ್ಕರೆ ಅದನ್ನೇ ತರುವುದು ಜಾಣತನ.

ಜಾಗದ ಮಾತು ಮಣ್ಣಿನಿಂದ ಶುರುವಾಗಬೇಕು. ನಿಮ್ಮ ಬೀದರ್ ಜಿಲ್ಲೆಯಲ್ಲಿ ಕಪ್ಪು ಎರೆಯೂ ಇದೆ, ಜಂಬಿಟ್ಟಿಗೆಯ ಕೆಂಪು ಮಣ್ಣೂ ಇದೆ. ಎರೆ ಮಳೆಗಾಲದಲ್ಲಿ ನೀರು ಹಿಡಿದಿಟ್ಟು ಬೇರು ಕೊಳೆಸುತ್ತದೆ, ಅಲ್ಲಿ ಏರುಮಡಿ ಮಾಡಬೇಕು. ಹುಮನಾಬಾದ್ ಕಡೆಯ ಕೆಂಪು ನೆಲದಲ್ಲಿ ನೀರು ಬೇಗ ಇಂಗಿಹೋಗುವುದರಿಂದ ಕೊಟ್ಟಿಗೆ ಗೊಬ್ಬರ ಧಾರಾಳವಾಗಿ ಬೇಕು.

ದಿನಕ್ಕೆ ಕನಿಷ್ಠ 6 ಗಂಟೆ ಬಿಸಿಲು ಬೀಳಲಿ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುವುದರಿಂದ ಎತ್ತರದ ಗೋಡೆಯ ಉತ್ತರಕ್ಕೆ ನೆರಳು ಚಾಚುತ್ತದೆ, ಆ ಪಟ್ಟಿ ಬೇಡ.

ಇನ್ನೊಂದು: ಟೊಮೆಟೊ, ಬದನೆ, ಮೆಣಸು, ಆಲೂಗಡ್ಡೆ ಒಂದೇ ಕುಟುಂಬದವು, ಮಣ್ಣಿನಲ್ಲಿ ಉಳಿದ ಸೊರಗು ರೋಗ ಒಂದರಿಂದ ಇನ್ನೊಂದಕ್ಕೂ ತಗಲಬಹುದು. ಹಿಂದಿನ ವರ್ಷ ಇವುಗಳಲ್ಲಿ ಯಾವುದೇ ಗಿಡ ಸೊರಗಿ ಸತ್ತಿದ್ದ ಮಡಿಯಲ್ಲಿ ಈ ಸಲ ಮೆಂತ್ಯ ಅಥವಾ ಅಲಸಂದೆ ಹಾಕಿ, ಅಗಿಗಳನ್ನು ಬೇರೆ ಮಡಿಯಲ್ಲಿ ಸಂಜೆ ಹೊತ್ತು ನೆಡಬೇಕು.